ಹದಿನೈದು ಡಾಲರಿನ ರೋಲರು, ನಮ್ಮ ಎಂಟು ಸೆಮಿಸ್ಟರು

ಕನ್ನಡ ಬಳಗದ ಹುಡುಗರು "ಅಣ್ಣಾ, ಈ ಸಂಚಿಕೆಗೆ ಏನಾದ್ರೂ ಬರ್ದುಕೊಡಿ, ಟಾಪಿಕ್ ನಿಮ್ಮಿಷ್ಟ" ಅಂತ ಮೆಸೇಜ್ ಹಾಕಿದಾಗ ಅವರ ಮನಸ್ಸಲ್ಲಿ ಇದ್ದದ್ದು ಬಹುಶಃ ಎಂಎಸ್, ಜಿಆರ್‌ಇ, ವೀಸಾ, ಇಲ್ಲವೇ ಎಐ ಬಂದ್ರೆ ನಮ್ಮ ಕೆಲಸ ಉಳಿಯುತ್ತಾ ಅನ್ನೋ ಪ್ರಶ್ನೆ. ಅದನ್ನೆಲ್ಲ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ದೋಣಿ ಸಾಗಿಸುವ ಟ್ರೈಲರಿನ ಮೂತಿಯಲ್ಲಿ ಇರುವ ಒಂದು ಹಿಡಿಗಾತ್ರದ ರೋಲರಿನ ಬಗ್ಗೆ. ನಗಬೇಡಿ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ನನಗೆ, ನಮ್ಮ ಸಿಲಬಸ್‌ನಲ್ಲಿ ಏನು ಇಲ್ಲ ಅನ್ನೋದನ್ನ ಇಷ್ಟು ಸ್ಪಷ್ಟವಾಗಿ ತೋರಿಸಿದ ವಸ್ತು ಇನ್ನೊಂದಿಲ್ಲ.

ನನ್ನ ವಾದವನ್ನ ಮೊದಲೇ ಹೇಳಿಬಿಡ್ತೀನಿ. ನಮಗೆ ಮುರಿಯೋದರ ಲೆಕ್ಕ ಕಲಿಸ್ತಾರೆ, ಸವೆಯೋದರ ಲೆಕ್ಕ ಕಲಿಸಲ್ಲ. ಹೊಸದನ್ನ ಮಾಡಿ ತೋರಿಸಿದವರಿಗೆ ಮಾರ್ಕ್ಸ್ ಇದೆ, ಇದ್ದದ್ದನ್ನ ನೆಟ್ಟಗೆ ನಡೆಸಿದವರಿಗೆ ಇಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ರಿಪೇರಿಯನ್ನೂ ಒಂದು ವಿಷಯ ಅಂತ ಒಪ್ಪಬೇಕು. ಯಾಕೆ ಅಂತ ಈ ರೋಲರು ಹೇಳಲಿ.

ನಾನಿರೋದು ಅಮೆರಿಕದ ಮಿನ್ನೆಸೋಟಾದಲ್ಲಿ. "ಹತ್ತು ಸಾವಿರ ಕೆರೆಗಳು" ಅಂತ ಇಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೇ ಬರೆದಿರುತ್ತೆ. ನಿಜವಾಗಿ ಅದಕ್ಕಿಂತ ಹೆಚ್ಚೇ ಇವೆ. ಬೇಸಿಗೆ ಬಂತೆಂದರೆ ಪ್ರತಿ ಬೀದಿಯಲ್ಲೂ ಒಂದಿಲ್ಲೊಂದು ಮನೆ ಮುಂದೆ ಟ್ರೈಲರ್ ಮೇಲೆ ಕೂತ ದೋಣಿ ಕಾಣುತ್ತೆ. ನಮ್ಮಲ್ಲಿ ದೋಣಿ ಅಂದರೆ ನೀರಲ್ಲೇ ಅಥವಾ ದಡದಲ್ಲೇ ಇರೋ ವಸ್ತು. ಇಲ್ಲಿ ಅದು ಮನೆಯಲ್ಲಿರುತ್ತೆ. ಶನಿವಾರ ಬೆಳಿಗ್ಗೆ ಕಾರಿನ ಹಿಂದೆ ಕಟ್ಟಿಸಿಕೊಂಡು ಕೆರೆಗೆ ಹೋಗುತ್ತೆ, ಸಂಜೆ ವಾಪಸ್ ಬರುತ್ತೆ. ಚಳಿಗಾಲದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟೋದರಿಂದ ವರ್ಷದ ಅರ್ಧ ಕಾಲ ಟ್ರೈಲರ್ ಮೇಲೇ ಟಾರ್ಪಾಲಿನ್ ಹೊದ್ದು ಕೂತಿರುತ್ತೆ. ಅಂದರೆ ಬಹುಪಾಲು ದೋಣಿಗಳ ಆಯಸ್ಸು ಕಳೆಯೋದು ನೀರಿಗಿಂತ ಹೆಚ್ಚಾಗಿ ಟ್ರೈಲರ್ ಮೇಲೆ. ಇದು ನನಗೆ ಹೊಸ ವಿಚಾರ ಆಗಿತ್ತು.

ಈಗ ಆ ಭಾಗಕ್ಕೆ ಬರೋಣ. ಹೆಸರು ಬೌ ರೋಲರ್. ಬಿಲ್ಲು ಬಾಣದ ಬೋ ಅಲ್ಲ. ಸ್ಪೆಲ್ಲಿಂಗ್ ಒಂದೇ ಆದರೂ ಉಚ್ಚಾರ ಬೌ, ಅರ್ಥ ದೋಣಿಯ ಮುಂಗೊನೆ. ಟ್ರೈಲರಿನ ಮುಂಭಾಗದಲ್ಲಿ ಒಂದು ಕಬ್ಬಿಣದ ಕಂಬ ಇರುತ್ತೆ. ಅದರ ಮೇಲೆ ಕೈಯಿಂದ ತಿರುಗಿಸುವ ವಿಂಚ್, ಅದರಿಂದ ಹೊರಟ ಒಂದು ಪಟ್ಟಿ. ಪಟ್ಟಿಯ ಕೊಕ್ಕೆಯನ್ನ ದೋಣಿಯ ಮೂತಿಯಲ್ಲಿರುವ ಉಕ್ಕಿನ ಬಳೆಗೆ ಸಿಕ್ಕಿಸಿ ಎಳೆದರೆ ದೋಣಿ ನೀರಿಂದ ಟ್ರೈಲರ್ ಮೇಲೇರುತ್ತೆ. ಏರಿ ಏರಿ ಕೊನೆಗೆ ಅದರ ಮೂತಿ ಬಂದು ತಾಗೋದು ಈ ರೋಲರಿಗೆ. ಆಕಾರ ಥೇಟ್ ಡಮರುಗದ್ದು: ಎರಡು ಬದಿ ಅಗಲ, ನಡು ಸಣ್ಣ, ದೋಣಿಯ ಚೂಪು ಮೂತಿ ಆ ನಡುವಿನಲ್ಲಿ ಕೂರೋ ಹಾಗೆ. ಕಂಬದ ಎರಡು ಕಬ್ಬಿಣದ ಕಿವಿಗಳ ನಡುವೆ ಒಂದು ಬೋಲ್ಟ್ ಮೇಲೆ ತಿರುಗುತ್ತೆ. ಅಷ್ಟೇ. ಬಾವಿ ರಾಟೆ ನೋಡಿದವರಿಗೆ ಹೆಚ್ಚು ವಿವರಿಸೋದೇ ಬೇಡ.

ಆದರೆ ಅದು ಮಾಡೋ ಕೆಲಸ ಸಣ್ಣದಲ್ಲ. ದೋಣಿ ಟ್ರೈಲರ್ ಮೇಲೆ ಎಲ್ಲಿ ನಿಲ್ಲಬೇಕು ಅನ್ನೋದನ್ನ ನಿರ್ಧರಿಸೋದು ಅದೇ. ಕಾರು ಬ್ರೇಕ್ ಹಾಕಿದಾಗ ದೋಣಿ ಮುಂದೆ ನುಗ್ಗದ ಹಾಗೆ ತಡೆಯೋದು ಅದೇ. ಮೂತಿಯ ಬಳೆ ರೋಲರಿನ ಕೆಳಗೆ ಸಿಕ್ಕಿಕೊಂಡು ಕೂತರೆ, ಹಳ್ಳಕ್ಕೆ ಬಿದ್ದಾಗ ದೋಣಿ ಮೇಲಕ್ಕೆ ಜಿಗಿಯದ ಹಾಗೆ ಹಿಡಿಯೋದೂ ಅದೇ.

ಪಕ್ಕದ ಮನೆಯ ಅಜ್ಜ, ರಿಟೈರ್ ಆದವರು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಫೈಬರ್‌ಗ್ಲಾಸ್ ದೋಣಿ ತಗೊಂಡಿದ್ದರು. ಮೋಟರು, ಪೆಟ್ರೋಲು, ಸಾಮಾನು ಎಲ್ಲ ಸೇರಿ ಸುಮಾರು 900 ಕಿಲೋ. ಅದರ ಬಿಳಿ ಮೂತಿಯ ಮೇಲೆ ಕಪ್ಪು ಗೀರುಗಳು ಬಿದ್ದಿದ್ದವು, ಕೆಳಗೆ ಕಪ್ಪು ಪುಡಿ. ರೋಲರಿನ ಒಂದು ಕಡೆ ಚಪ್ಪಟೆಯಾಗಿತ್ತು, ಮೈತುಂಬ ಬಿರುಕು. "ಇದನ್ನ ಬದಲಾಯಿಸಬೇಕು, ಇಂಜಿನಿಯರ್ ಅಲ್ವಾ ನೀನು, ಬಾ" ಅಂದರು.

ಇಂಜಿನಿಯರ್ ಅಂದ ಮೇಲೆ ಲೆಕ್ಕ ಮಾಡಬೇಕಲ್ವಾ? ನೀವೂ ಮಾಡಿ ನೋಡಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಂದಗತಿ 0.5 ಜಿ ಅಂದ್ಕೊಳ್ಳಿ. ಅಡಿಯ ಘರ್ಷಣೆಯನ್ನ ಸೊನ್ನೆ ಅಂತ ಬಿಟ್ಟುಬಿಡಿ, ಕೆಟ್ಟದ್ದರಲ್ಲಿ ಕೆಟ್ಟದ್ದು ಬರಲಿ. 900 × 0.5 × 9.81, ಸುಮಾರು 4,400 ನ್ಯೂಟನ್. ಬೋಲ್ಟು ಅರ್ಧ ಇಂಚು, ಅಂದರೆ 12.7 ಮಿ.ಮೀ.; ಅಡ್ಡಕೊಯ್ತ 127 ಚದರ ಮಿ.ಮೀ.; ಎರಡು ಕಿವಿ ಇರೋದರಿಂದ ಡಬಲ್ ಶಿಯರ್. ಒತ್ತಡ 17 ಮೆಗಾಪ್ಯಾಸ್ಕಲ್ ಚಿಲ್ಲರೆ ಬಂತು. ಸಾಮಾನ್ಯ ಮೈಲ್ಡ್ ಸ್ಟೀಲ್ ಕೂಡ ಶಿಯರ್‌ನಲ್ಲಿ 140ರ ಆಸುಪಾಸು ತಾಳುತ್ತೆ. ಫ್ಯಾಕ್ಟರ್ ಆಫ್ ಸೇಫ್ಟಿ ಎಂಟು! ಡಿಸೈನ್ ಆಫ್ ಮಷೀನ್ ಎಲಿಮೆಂಟ್ಸ್ ಪೇಪರಲ್ಲಿ ಇಲ್ಲಿಗೆ "ಹೆನ್ಸ್ ದ ಡಿಸೈನ್ ಈಸ್ ಸೇಫ್" ಅಂತ ಬರೆದು, ಕೆಳಗೆರಡು ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಹತ್ತಕ್ಕೆ ಹತ್ತು.

ಆದರೆ ಕಣ್ಣೆದುರಿನ ರೋಲರು ಸತ್ತುಹೋಗಿತ್ತು. ಎಂಟು ಪಟ್ಟು ಸೇಫ್ ಆಗಿರೋ ಡಿಸೈನು ಸತ್ತದ್ದು ಹೇಗೆ?

ಇಲ್ಲಿಂದ ಮುಂದೆ ಪುಸ್ತಕ ಸಹಾಯಕ್ಕೆ ಬರಲ್ಲ. ರೋಲರನ್ನ ಕೈಯಲ್ಲಿ ತಿರುಗಿಸಿ ನೋಡಿದೆವು, ತಿರುಗಲಿಲ್ಲ. ಹಿಂದಿನ ಮಾಲೀಕ ಯಾವಾಗಲೋ ಬೋಲ್ಟ್ ಬದಲಾಯಿಸಿದಾಗ ಕೈಗೆ ಸಿಕ್ಕಿದ ಸಾಮಾನ್ಯ ಬೋಲ್ಟ್ ಹಾಕಿದ್ದ, ಉದ್ದಕ್ಕೂ ಥ್ರೆಡ್ ಇರೋದು. ಪ್ರತಿ ಸಲ ಕೆರೆಗೆ ಇಳಿಸಿದಾಗ ಅದಕ್ಕೆ ನೀರು ತಾಗಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಊದಿಕೊಂಡ ತುಕ್ಕು ರೋಲರಿನ ತೂತನ್ನ ಒಳಗಿಂದ ಬಿಗಿಹಿಡಿದಿದೆ. ಸಾಲದ್ದಕ್ಕೆ ಆ ಥ್ರೆಡ್ಡು ಅರದ ಹಾಗೆ ರಬ್ಬರನ್ನ ಉಜ್ಜಿ ಉಜ್ಜಿ ತಿಂದಿದೆ. ರೋಲರು ತಿರುಗೋದು ನಿಂತ ದಿನವೇ ಅದು ರೋಲರ್ ಆಗಿ ಉಳಿಯಲಿಲ್ಲ, ಬರೀ ರಬ್ಬರ್ ತುಂಡಾಯಿತು. ರಸ್ತೆಯಲ್ಲಿ ದೋಣಿಯ ಮೂತಿ ಕುಲುಕಿದಾಗಲೆಲ್ಲ ರೋಲರು ಅದರ ಜೊತೆ ತಿರುಗೋ ಬದಲು, ಒಂದೇ ಜಾಗದಲ್ಲಿ ಉಜ್ಜಿಸಿಕೊಂಡಿದೆ. ಆಮೇಲೆ ಆರು ತಿಂಗಳ ಚಳಿಗಾಲ. ಬಿಗಿದ ಪಟ್ಟಿಯಿಂದಾಗಿ ಅದೇ ಜಾಗ ಒತ್ತಿಸಿಕೊಂಡು ಕೂತಿದೆ. ಬಹಳ ಕಾಲ ಒತ್ತಿದ ರಬ್ಬರು ಬಿಟ್ಟ ಮೇಲೂ ಪೂರ್ತಿ ಮೊದಲಿನ ಆಕಾರಕ್ಕೆ ಬರಲ್ಲ. ಅದಕ್ಕೆ ಕಂಪ್ರೆಷನ್ ಸೆಟ್ ಅಂತ ಹೆಸರು. ಇನ್ನು ಬಿರುಕು ಗಾಳಿಯಲ್ಲಿರೋ ಓಝೋನಿನ ಕೆಲಸ. ರಬ್ಬರಿನ ಅಣುಸರಪಳಿಯ ಡಬಲ್ ಬಾಂಡ್‌ಗಳನ್ನ ಅದು ಕತ್ತರಿಸುತ್ತೆ, ಅದೂ ಎಲ್ಲಿ ರಬ್ಬರು ಹಿಗ್ಗಿರುತ್ತೋ ಅಲ್ಲೇ, ಹಿಗ್ಗಿದ ದಿಕ್ಕಿಗೆ ಅಡ್ಡವಾಗಿ. ಬಿರುಕಿನ ಗೆರೆ ನೋಡಿಯೇ ಎಳೆತ ಯಾವ ಕಡೆಗಿತ್ತು ಅಂತ ಹೇಳಬಹುದು.

ಗಮನಿಸಿ: ಸತ್ತದ್ದು ರಬ್ಬರು, ಕೊಂದದ್ದು ಬೋಲ್ಟು. ಬರೀ ರೋಲರ್ ತಂದು ಹಳೇ ಬೋಲ್ಟಿಗೇ ಹಾಕಿದ್ದರೆ ಹೊಸದಕ್ಕೂ ಅದೇ ಗತಿ. ಈ ಒಂದು ಮಾತಿಗಾಗಿಯೇ ನಾನು ರಿಪೇರಿಯನ್ನ ಇಂಜಿನಿಯರಿಂಗ್ ಅನ್ನೋದು. ಭಾಗ ಬದಲಾಯಿಸೋದು ಕೈಕೆಲಸ ಅಂತಲೇ ಇಟ್ಟುಕೊಳ್ಳಿ. ಯಾಕೆ ಹೋಯ್ತು ಅಂತ ಹಿಂದಕ್ಕೆ ಜಾಡು ಹಿಡಿಯೋದು ತಲೆಕೆಲಸ ಅಲ್ವಾ?

ಬದಲಾಯಿಸಿದ ರೀತಿ ಹೇಳ್ತೀನಿ. ದೋಣಿ ಟ್ರೈಲರ್ ಮೇಲಿರುವಾಗ ರೋಲರ್ ಬಿಚ್ಚೋದು ಬೇಡ ಅಂದರು ಅಜ್ಜ, ಸರಿಯಾದ ಮಾತು. ವಿಂಚಿನ ಪಟ್ಟಿಯಲ್ಲಿ ಬಿಗುವು ಇರುವಾಗ ಹಿಡಿಕೆಯನ್ನ ಭದ್ರವಾಗಿ ಹಿಡಿಯದೆ ರ್‍ಯಾಚೆಟ್ ಬಿಟ್ಟರೆ, ಅದು ಗಿರ್ರನೆ ಹಿಂದಕ್ಕೆ ತಿರುಗಿ ಕೈಮೂಳೆ ಮುರಿಯುತ್ತೆ. ಸುಲಭದ ದಾರಿ ಅಂದರೆ ದೋಣಿಯನ್ನ ಕೆರೆಗಿಳಿಸಿ ಕಟ್ಟೆಗೆ ಕಟ್ಟಿ, ಖಾಲಿ ಟ್ರೈಲರನ್ನ ಮೇಲೆ ತಂದು, ನೆರಳಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು ಕೆಲಸ ಮಾಡೋದು. ಹಿಂದಿನ ರಾತ್ರಿಯೇ ನಟ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿದ್ದೆವು, ಏನೂ ಪ್ರಯೋಜನ ಆಗಲಿಲ್ಲ. ಹ್ಯಾಕ್ಸಾ ತಗೊಂಡು ಕುಯ್ದೆವು.

ಅಳತೆಗೆ ಮಾತ್ರ ತುಂಬ ಸಮಯ ಕೊಟ್ಟೆವು. ಕಿವಿಗಳ ನಡುವಿನ ಅಗಲ, ಬೋಲ್ಟಿನ ದಪ್ಪ, ರೋಲರಿನ ಅಂಚಿನ ವ್ಯಾಸ, ನಡುವಿನ ವ್ಯಾಸ. ಸವೆದದ್ದನ್ನ ಅಳೆದು ಹೊಸದರ ಸೈಜು ಹೇಳೋಕಾಗಲ್ಲ. ಸವೆಯದ ಕಡೆ ಹುಡುಕಿ ಅಳೀಬೇಕು. ವ್ಯಾಸ ಬದಲಾದರೆ ಏನಾಗುತ್ತೆ ಅಂತಲೂ ಲೆಕ್ಕ ಹಾಕಿದೆ. ದೋಣಿ 2.5 ಸೆಂ.ಮೀ. ಮುಂದೆ ಸರಿಯಿತು ಅಂದ್ಕೊಳ್ಳಿ, ಕಾರಿನ ಕೊಂಡಿಯಿಂದ ಟ್ರೈಲರಿನ ಅಚ್ಚಿಗೆ 4.5 ಮೀಟರ್. ಮೊಮೆಂಟ್ ತಗೊಂಡರೆ ಕೊಂಡಿಯ ಮೇಲೆ ಹೆಚ್ಚಾಗೋ ಭಾರ 5 ಕಿಲೋ. ಅದು ದೊಡ್ಡ ವಿಷಯವಲ್ಲ. ಆದರೆ ರೋಲರು ದೊಡ್ಡದಾಗಿ ದೋಣಿ ಹಿಂದಕ್ಕೆ ಹೋದರೆ ಕಥೆ ಬೇರೆ. ಮೋಟರಿನ ಭಾರ ಇರೋ ಹಿಂಬದಿ ಅಡಿಹಲಗೆಗಳಿಂದ ಆಚೆ ಚಾಚಿಕೊಂಡು, ವರ್ಷಗಟ್ಟಲೆ ಹಾಗೇ ನಿಂತರೆ ದೋಣಿಯ ತಳವೇ ಬಾಗಬಹುದು.

ಅಂಗಡಿಯಲ್ಲಿ ಕಪ್ಪು ರಬ್ಬರಿನದೂ ಇತ್ತು, ಪಾಲಿಯೂರಿಥೇನಿನದೂ ಇತ್ತು. ಅಜ್ಜ ಎರಡನೇದು ತಗೊಂಡರು, ಬಿಳಿ ಮೂತಿಗೆ ಮತ್ತೆ ಕಪ್ಪು ಮೆತ್ತೋದು ಬೇಡ ಅಂತ. ಕಪ್ಪು ಬಣ್ಣ ಸುಮ್ಮನೆ ಹಾಕಿರಲ್ಲ, ಆ ಕಾರ್ಬನ್ ಬ್ಲಾಕ್ ರಬ್ಬರನ್ನ ಬಿಸಿಲಿನಿಂದ ಕಾಯುತ್ತೆ. ಆದರೆ ತಾಗಿದ್ದಕ್ಕೆಲ್ಲ ಮೆತ್ತುತ್ತೆ. ಪಾಲಿಯೂರಿಥೇನಿನಲ್ಲೂ ಎರಡು ಜಾತಿ ಇದೆ. ಪಾಲಿಎಸ್ಟರ್ ಆಧಾರದ್ದು ನೀರಿಗೆ ನಿಧಾನವಾಗಿ ಒಡೆಯುತ್ತೆ, ಪಾಲಿಈಥರ್ ಆಧಾರದ್ದು ತಾಳಿಕೊಳ್ಳುತ್ತೆ. ಪಾಲಿಮರ್ ಪಾಠದಲ್ಲಿ ಇದನ್ನ ಉರುಹೊಡೆದ ನೆನಪಿದೆ, ಯಾಕೆ ಬೇಕು ಅಂತ ಆಗ ಯಾರೂ ಹೇಳಿರಲಿಲ್ಲ. ರೋಲರಿನ ಬೆಲೆ ಹದಿನೈದು ಡಾಲರಿನ ಒಳಗೆ. ಗೀರಿಹೋದ ಜೆಲ್‌ಕೋಟ್ ರಿಪೇರಿಗೆ ಕೊಟ್ಟರೆ ಅದರ ಹತ್ತಾರು ಪಟ್ಟು. ಅದಕ್ಕೇ ರೋಲರು ದೋಣಿಗಿಂತ ಮೆತ್ತಗಿರಬೇಕು. "ಜೀವಮಾನವಿಡೀ ಬಾಳೋ" ಗಟ್ಟಿ ರೋಲರ್ ಮಾಡ್ತೀನಿ ಅಂತ ಯಾರಾದರೂ ಉಕ್ಕಿನದು ಹಾಕಿದರೆ ರೋಲರು ಬಾಳುತ್ತೆ, ದೋಣಿ ಬಾಳಲ್ಲ.

ಬೋಲ್ಟು ಸ್ಟೇನ್‌ಲೆಸ್ ಆಯ್ಕೆ ಮಾಡಿದೆವು. ಸ್ಟೇನ್‌ಲೆಸ್ಸೂ ಜಿಂಕ್ ಲೇಪನವೂ ಒಂದಕ್ಕೊಂದು ತಾಗಿದರೆ ಗ್ಯಾಲ್ವಾನಿಕ್ ಕರೋಷನ್ ಆಗಲ್ವಾ ಅಂತ ನೀವು ಕೇಳಬಹುದು. ಆಗುತ್ತೆ. ಆದರೆ ಇಲ್ಲಿ ಕ್ಯಾಥೋಡು ಸಣ್ಣ ಬೋಲ್ಟು, ಆನೋಡು ದೊಡ್ಡ ಟ್ರೈಲರು, ನೀರು ಸಿಹಿನೀರು. ಹಾಗಾಗಿ ತುಂಬ ನಿಧಾನ. ಸಮುದ್ರದ ಉಪ್ಪುನೀರಾದರೆ ಇನ್ನೊಮ್ಮೆ ಯೋಚಿಸಬೇಕು. ಬೋಲ್ಟಿನ ಉದ್ದ ಆರಿಸುವಾಗ ಥ್ರೆಡ್ ಇಲ್ಲದ ನುಣುಪು ಭಾಗವೇ ರೋಲರಿನ ಒಳಗೆ ಬರೋ ಹಾಗೆ ನೋಡಿದೆವು. ಎರಡು ಬದಿಗೂ ನೈಲಾನ್ ವಾಷರ್. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಜೋರಾಗಿ ತಿರುಗಿಸಿದರೆ ಕಚ್ಚಿಕೊಂಡುಬಿಡುತ್ತೆ, ಅದಕ್ಕೆ ಸ್ವಲ್ಪ ಆಂಟಿ-ಸೀಝ್ ಹಚ್ಚಿ ನಿಧಾನಕ್ಕೆ ಬಿಗಿದೆವು. ನೈಲಾಕ್ ನಟ್ಟನ್ನ ಅಲುಗಾಟ ನಿಲ್ಲೋವರೆಗೆ ಬಿಗಿದು, ಕಾಲು ಸುತ್ತು ಸಡಿಲ ಬಿಟ್ಟದ್ದು. ಪೂರ್ತಿ ಬಿಗಿದರೆ ಕಿವಿಗಳು ಒಳಕ್ಕೆ ಬಾಗಿ ರೋಲರನ್ನ ಹಿಡಿದುಬಿಡುತ್ತವೆ. ಒಂದು ಬೆರಳಲ್ಲಿ ತಳ್ಳಿದರೆ ತಿರುಗಬೇಕು, ಟಾರ್ಕ್ ರೆಂಚಿಗಿಂತ ಒಳ್ಳೇ ಪರೀಕ್ಷೆ ಇದು. ಆಮೇಲೆ ದೋಣಿ ಏರಿಸಿ, ಬಳೆ ರೋಲರಿನ ಕೆಳಗೆ ಕೂತಿದೆಯಾ, ಪಟ್ಟಿ ನೇರ ಇದೆಯಾ ಅಂತ ನೋಡಿ, ಸೇಫ್ಟಿ ಚೈನು ಬೇರೆಯಾಗಿ ಸಿಕ್ಕಿಸಿ ಹೊರಟೆವು. ಹೊರಡೋ ಮುಂಚೆ ದೋಣಿಯ ತಳದ ಬಿರಡೆ ತೆಗೆದು ನೀರು ಪೂರ್ತಿ ಬಸಿಯಬೇಕು, ಅಂಟಿಕೊಂಡ ಜೊಂಡು ಕಿತ್ತುಹಾಕಬೇಕು. ಒಂದು ಕೆರೆಯ ಜೀಬ್ರಾ ಮಸಲ್ ಇನ್ನೊಂದಕ್ಕೆ ಹೋಗದಿರಲಿ ಅಂತ ಇಲ್ಲಿ ಅದು ಕಾನೂನು.

ಇಷ್ಟರಲ್ಲಿ ನನ್ನನ್ನ ಹೆಚ್ಚು ಯೋಚಿಸೋ ಹಾಗೆ ಮಾಡಿದ್ದು ರೋಲರಲ್ಲ, ಆ ಬೋಲ್ಟು. ಟ್ರೈಲರ್ ಮಾಡಿದವರು ಒಬ್ಬರು, ರೋಲರ್ ಮಾಡಿದವರು ಇನ್ನೊಬ್ಬರು, ಬೋಲ್ಟು ಊರಿನ ಹಾರ್ಡ್‌ವೇರ್ ಅಂಗಡಿಯದು. ಮೂರೂ ಒಂದಕ್ಕೊಂದು ಸಲೀಸಾಗಿ ಕೂತವು. ಯಾಕೆ? 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ ಎಲ್ಲ ಕಾರ್ಖಾನೆಗಳೂ ಒಂದೇ ಅಳತೆಯ ಥ್ರೆಡ್ ಬಳಸಲಿ ಅಂದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ತನ್ನದೇ ಪದ್ಧತಿ ಮುಂದಿಟ್ಟ, ಸಾಧಾರಣ ಕೆಲಸಗಾರನೂ ಸುಲಭವಾಗಿ ಮಾಡಬಹುದಾದ ಆಕಾರ. ವ್ಹಿಟ್‌ವರ್ತ್‌ನ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು, ಸೆಲ್ಲರ್ಸ್‌ನದಕ್ಕೆ 13. ನಾವು ತಂದ ಬೋಲ್ಟಿನ ಚೀಟಿಯ ಮೇಲೆ ಇವತ್ತಿಗೂ ಇರೋದು ಆ 13. ನೂರೈವತ್ತು ವರ್ಷಕ್ಕೂ ಹಿಂದೆ ಯಾರೋ ಕೂತು ಒಪ್ಪಿಕೊಂಡದ್ದರಿಂದ ಒಬ್ಬ ಅಜ್ಜ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಟ್ರೈಲರನ್ನ ತಾನೇ ಸರಿಮಾಡಿಕೊಂಡ. ನಿಮ್ಮ ಫೋನಿನ ಬ್ಯಾಟರಿಯನ್ನ ಹೀಗೆ ಬದಲಾಯಿಸೋಕೆ ಆಗುತ್ತಾ?

ಇದೇನೂ ಪರದೇಶದ ಜ್ಞಾನ ಅಲ್ಲ. ನಮ್ಮ ಎತ್ತಿನಗಾಡಿಯಲ್ಲಿ ಕಡಾಣಿ ಕಿತ್ತರೆ ಚಕ್ರ ಕೈಗೆ ಬರುತ್ತಿತ್ತು. ಕೀಲೆಣ್ಣೆ ಹಾಕಿ ಮತ್ತೆ ಸೇರಿಸೋದು ಮನೆಯ ಹುಡುಗರ ಕೆಲಸ. ಸವೆಯೋ ಜಾಗ ಯಾವುದು ಅಂತ ಮಾಡಿದವನಿಗೂ ಗೊತ್ತಿತ್ತು, ಓಡಿಸುವವನಿಗೂ ಗೊತ್ತಿತ್ತು.

ಈಗ ನಮ್ಮ ಕ್ಯಾಂಪಸ್‌ಗೆ ಬನ್ನಿ. ನಾನು ಓದುವಾಗ ಫ್ಲೂಯಿಡ್ ಲ್ಯಾಬಿನಲ್ಲಿ ಒಂದು ಸೆಂಟ್ರಿಫ್ಯೂಗಲ್ ಪಂಪು ಇತ್ತು. ಅದರ ಕೊರಳಿಗೆ "ಔಟ್ ಆಫ್ ಆರ್ಡರ್" ಬೋರ್ಡು. ಎರಡು ಸೆಮಿಸ್ಟರ್ ಪೂರ್ತಿ ಇತ್ತು. ಶಾಫ್ಟ್ ಹೊರಬರೋ ಜಾಗದಲ್ಲಿ ನೀರು ಸುರಿಯುತ್ತೆ ಅನ್ನೋದೊಂದೇ ದೂರು. ಹಾಗಾದರೆ ಮೊದಲು ನೋಡಬೇಕಾದ್ದು ಗ್ಲ್ಯಾಂಡ್ ಪ್ಯಾಕಿಂಗ್, ಹಗ್ಗದಂಥ ಒಂದು ವಸ್ತು, ಸವೆಯಲಿ ಅಂತಲೇ ಹಾಕೋದು. ನೂರಾರು ಹುಡುಗರು ಆ ಪಂಪಿನ ಎಫಿಷಿಯೆನ್ಸಿಯನ್ನ ಹಿಂದಿನ ಬ್ಯಾಚಿನ ರೆಕಾರ್ಡಿಂದ ಕಾಪಿ ಹೊಡೆದು ಬರೆದೆವು, ಸಹಿ ಬಿತ್ತು. ಅದೇ ವರ್ಷ ಆ ಲ್ಯಾಬಿನ ಹೊರಗೆ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ "ಸ್ಮಾರ್ಟ್ ಇರಿಗೇಷನ್" ಹೆಸರಿನ ಮಾಡೆಲ್‌ಗಳು ಸಾಲಾಗಿ ಕೂತಿದ್ದವು. ಒಂದರಲ್ಲೂ ಮುಂದಿನ ವರ್ಷ ನೀರು ಹರಿದಿರಲಿಕ್ಕಿಲ್ಲ.

"ಇದೆಲ್ಲ ಐಟಿಐ ಹುಡುಗರ ಕೆಲಸ ಗುರೂ, ನಾವ್ಯಾಕೆ ಮಾಡ್ಬೇಕು?" ಅನ್ನೋದು ನಾನು ಹೆಚ್ಚು ಸಲ ಕೇಳಿದ ಉತ್ತರ. ನನಗೆ ಸಿಟ್ಟು ತರಿಸೋ ಮಾತೂ ಇದೇ. ಇದು ತಾಂತ್ರಿಕ ಅಭಿಪ್ರಾಯ ಅಲ್ಲ, ಕೈ ಕೊಳೆ ಮಾಡಿಕೊಳ್ಳೋರನ್ನ ಕೆಳಗೆ ಕೂರಿಸೋ ಹಳೇ ರೋಗ. ಮೇಲೆ ಹೇಳಿದ ತುಕ್ಕು, ಕಂಪ್ರೆಷನ್ ಸೆಟ್, ಓಝೋನ್ ಬಿರುಕು, ಆನೋಡು ಕ್ಯಾಥೋಡು, ಮೊಮೆಂಟ್ ಇದರಲ್ಲಿ ಯಾವುದು ಬಿಇ ಸಿಲಬಸ್‌ಗೆ ಸೇರಿಲ್ಲ? ಎಲ್ಲವೂ ಬೇರೆ ಬೇರೆ ಸೆಮಿಸ್ಟರಿನಲ್ಲಿ ಬೇರೆ ಬೇರೆ ಪೇಪರುಗಳಾಗಿ ಚದುರಿವೆ. ಒಂದೇ ಕಡೆ ಸೇರೋದು ಕೆಟ್ಟುಹೋದ ವಸ್ತುವಿನ ಮುಂದೆ ಕೂತಾಗ.

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದ್ದು: ರಿಪೇರಿಯಲ್ಲಿ ಹೊಸತನ ಏನಿದೆ, ಎಕ್ಸ್‌ಟರ್ನಲ್ ಬಂದರೆ ಏನು ನೋಡಿ ಮಾರ್ಕ್ಸ್ ಕೊಡಬೇಕು? ಟ್ರೈಬಾಲಜಿ ಎಲೆಕ್ಟಿವ್ ಇದೆಯಲ್ಲ, ಸಾಲದಾ? ಸಾಲಲ್ಲ, ಅಲ್ಲಿ ಸವೆತದ ಸಮೀಕರಣ ಇದೆ, ಸವೆದ ವಸ್ತು ಇಲ್ಲ. ಮಾರ್ಕ್ಸ್ ಕೊಡೋಕೆ ನೋಡಬೇಕಾದ್ದು ಬೇಕಾದಷ್ಟಿದೆ. ಕೆಟ್ಟ ಭಾಗವನ್ನ ಮೇಜಿನ ಮೇಲೆ ಇಡಲಿ. ಸವೆಯದ ಜಾಗ ಹುಡುಕಿ ಅಳೆದು ಡ್ರಾಯಿಂಗ್ ಮಾಡಿದ್ದಾರಾ? ಕೊಂದದ್ದು ಯಾವುದು ಅಂತ ಜಾಡು ಹಿಡಿದಿದ್ದಾರಾ, ಇಲ್ಲಾ ಸತ್ತದ್ದನ್ನಷ್ಟೇ ಬದಲಾಯಿಸಿದ್ದಾರಾ? ಹೊಸ ವಸ್ತುವನ್ನ ಯಾಕೆ ಆರಿಸಿದರು, ಅಂಗಡಿಯಲ್ಲಿ ಸಿಗೋ ಸೈಜಿಗೆ ಹೊಂದಿಸಿದರಾ? ಮುಂದಿನ ಬ್ಯಾಚಿನವರು ಎಷ್ಟು ನಿಮಿಷದಲ್ಲಿ ಅದನ್ನೇ ಮತ್ತೆ ಮಾಡಬಲ್ಲರು? ಕೊನೆಯದನ್ನ ವೈವಾ ದಿನ ಜೂನಿಯರ್ ಒಬ್ಬನ ಕೈಗೆ ಸ್ಪ್ಯಾನರ್ ಕೊಟ್ಟು ಪರೀಕ್ಷಿಸಬಹುದು. ಡೌನ್‌ಲೋಡ್ ಮಾಡಿದ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಹಾಕಿಸಿ ಪಾಸಾಗೋಕೆ ಇಲ್ಲಿ ದಾರಿ ಇಲ್ಲ. ಬಹುಶಃ ಅದಕ್ಕೇ ಇದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ.

ಸಿಲಬಸ್ ಬದಲಾಗೋವರೆಗೆ ಕಾಯಬೇಕಿಲ್ಲ. ಕನ್ನಡ ಬಳಗದಲ್ಲಿ ಎಲ್ಲ ಬ್ರಾಂಚಿನವರೂ ಇದ್ದೀರಿ. ನಿಮ್ಮ ಲ್ಯಾಬ್‌ಗಳಲ್ಲಿ ಬೋರ್ಡು ನೇತುಹಾಕಿಕೊಂಡ ಮಷೀನುಗಳ ಪಟ್ಟಿ ಮಾಡಿ, ಎಚ್‌ಒಡಿ ಹತ್ತಿರ ಹೋಗಿ ಒಂದೇ ಒಂದನ್ನ ಕೇಳಿ ತಗೊಳ್ಳಿ. ಅದು ಪಂಪೇ ಆದರೆ ಮೊದಲು ಮೇನ್ಸ್ ಆಫ್ ಮಾಡಿಸಿ, ಶಾಫ್ಟಿನ ಹೊರವ್ಯಾಸ, ಸ್ಟಫಿಂಗ್ ಬಾಕ್ಸಿನ ಒಳವ್ಯಾಸ ಅಳೆದು, ವ್ಯತ್ಯಾಸದ ಅರ್ಧ ತಗೊಂಡರೆ ಪ್ಯಾಕಿಂಗಿನ ಸೈಜು ಸಿಗುತ್ತೆ. ಹಳೇದನ್ನ ಒಂದು ಚೂರೂ ಬಿಡದೆ ತೆಗೆಯಿರಿ, ಶಾಫ್ಟು ಗೀರಿದೆಯಾ ನೋಡಿ, ಗೀರಿದ್ದರೆ ಹೊಸ ಪ್ಯಾಕಿಂಗೂ ಬಾಳಲ್ಲ. ಉಂಗುರಗಳ ಕೀಲು ಒಂದರ ಮೇಲೊಂದು ಬರದ ಹಾಗೆ ತಿರುಗಿಸಿ ಕೂರಿಸಿ. ಪಂಪು ಓಡುವಾಗ ಗ್ಲ್ಯಾಂಡಿನಿಂದ ತೊಟ್ಟು ತೊಟ್ಟು ನೀರು ಬೀಳ್ತಿರಲಿ, ಶಾಫ್ಟನ್ನ ತಣ್ಣಗಿಡೋದು ಆ ನೀರೇ. ಒಂದು ಹನಿಯೂ ಬೀಳಬಾರದು ಅಂತ ಬಿಗಿದರೆ ಸುಟ್ಟ ವಾಸನೆ ಬರುತ್ತೆ.